ಅರ್ಧ

ಅಶೋಕ ಸರ್ಕಲ್ಲಿನ್ಯಾಗ, ಕಬ್ಬಿನ ಹಾಲಿನ ಹುಸೇನಪ್ಪನ ಬಂಡಿ ಪಕ್ಕ
ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಂದರಿಸ್ಯಾರ ನನ್ನ.
ಮುಂಜಾನೆ ಆರರಿಂದ ರಾತ್ರಿ ಹತ್ತರ ತನಕ.
ದಿನಕ್ಕ ಆರುನೂರು, ವಗ್ಗರಣಿ ಮಿರ್ಚಿ ಬ್ಯಾರೆ.
ತೊಡಿ ಮ್ಯಾಲೆ ಹಲಗಿ, ಹಲಗಿ ಮ್ಯಾಲೆ ಹಾಳಿ.
ಬಂದದ್ದಕ್ಕ ಒಂದು ಗೀಟು,
ನಾಕು ನಿಂತ್ರ ಐದನೇದು ಅಡ್ಡ.

ಅಂದಾನಯ್ಯ ಸರ್ ನಿನ್ನೆ ಸಂಜಿ ಪಾಠ ಮಾಡಿದ್ರು:
ಕಾರಿಗೆ ಒಂದು.
ಲಾರಿಗೆ ಮೂರು, ಬಸ್ಸಿಗೂ ಮೂರ.
ಎತ್ತಿನ ಬಂಡಿಗೆ ಎಂಟು.
ಎಂಟ್ಯಾಕ್ರಿ ಸರ್?
"ಅಡ್ಡ ಬರ್ತಾವಲ್ಲವಾ."
ಸೈಕಲ್ಲಿಗೆ ಅರ್ಧ.
ನಡಕೊಂಡು ಹೋಗೋರಿಗೆ?
ಸರ್ ಹಾಳಿ ಹಿಂದ ಮುಂದ ತಿರುವಿದ್ರು.
"ಅದಕ್ಕ ಕಾಲಮ್ಮಿಲ್ಲ."

ಇನ್ನೂ ಬೆಳಕಾಗಿರಲಿಲ್ಲ, ಭಾಗ್ಯನಗರದ ಕಡಿ ಹೊಂಟಿದ್ರು
ಕೂದಲ ಬಿಡಿಸೋ ಹೆಣ್ಮಕ್ಕಳು, ಸಾಲ ಹಿಡದು.
ಖಾಜಾಬಿ ನಿಂತು ಕೇಳಿದ್ಲು, ಏನ್ ಬರೀತಿಯವ್ವಾ?
ಗಾಡಿ.
ನಮ್ಮನ್ನ?
ಇಲ್ಲಬೇ, ಅಡ್ಡ ಬರೋವು ಮಾತ್ರ.
ಆಕಿ ನಕ್ಕಳು, ಸೆರಗು ಮೂಗಿಗೆ ಹಿಡದಾಕಿ:
"ಹಂಗಾರ ಎಂಟು ವರ್ಷದಾಗ
ಯಾರಿಗೂ ಅಡ್ಡ ಬಂದಿಲ್ಲ ಅನ್ನು ನಾನು."

ಗಂಗಾವತಿ ಬಸ್ಸು ಬಂತು. ಬಾಗಲಕ್ಕ ಜೋತವರ ಸೇರಿ
ಎಂಬತ್ತು ಮಂದಿ: ಮೂರು.
ಹಿಂದ, ಗ್ಲಾಸು ಏರಿಸಿ ಒಬ್ಬೊಬ್ಬರ ಕುಂತ ಮೂರು ಕಾರು: ಮೂರು.
ಲೆಕ್ಕ ಸಮ ಆತು.
ಬಿ.ಎ. ಎರಡನೇ ವರ್ಷ, ಎಕನಾಮಿಕ್ಸ್ ನಂದು;
ಈ ಸಮ ನನಗ ಇನ್ನೂ ತಿಳಿದಿಲ್ಲ.

ಹತ್ತಕ್ಕ ಸಾಲಿ ಗಂಟಿ, ಅದ ಹೊತ್ತಿಗೆ ಗೇಟು ಬಿತ್ತು.
ಟಂಟಂ, ಟ್ರ್ಯಾಕ್ಟರು, ತಾಡಪತ್ರಿ ಹೊದ್ದ ಅದಿರಿನ ಲಾರಿ,
ಒಂದರ ಮೂಗು ಇನ್ನೊಂದರ ಬಾಲಕ್ಕ.
ಹಾರ್ನೊಂದು ಬಿಟ್ರ ಏನೂ ಮುಂದ ಹೋಗವಲ್ದು.
ಸುಣ್ಣದ ಗೀಟು ದಾಟಿದ್ದನ್ನಷ್ಟ ನಾ ಬರೀಬೇಕು,
ದಾಟೋದು ಯಾವ್ದೂ ಇಲ್ಲ.
ಹತ್ತರಿಂದ ಹತ್ತೂಕಾಲು: ಒಂಬತ್ತು ಗಾಡಿ.
ನಾಳೆ ಬೆಂಗಳೂರಾಗ ಓದಿದವರು ಅಂದಾರು,
ಎಷ್ಟು ತಣ್ಣಗ ಐತ್ರಿ ಕೊಪ್ಪಳ!

ಗಾಳಿ ಮೂಡಣದಿಂದ ತಿರುಗಿತು.
ಹುಸೇನಪ್ಪ ಗ್ಲಾಸು ಬೋರಲ ಹಾಕಿ ಅಂದ,
"ಬಂತು ನೋಡು ಗಿಣಿಗೇರಿ. ಇದನ್ನ ಯಾವ ಮನಿಯಾಗ ಬರೀತಿ?"
ಹಾಳಿ ಮ್ಯಾಲೆ ಸಣ್ಣಾಗಿ ಕಪ್ಪು ಕುಂತಿತ್ತು,
ಊದಿದ್ರ ಹೋಗಲಿಲ್ಲ, ಒರಸಿದ್ರ ಗೀಟಾತು.
ಎರಡು ಲಾರಿ ಹೆಚ್ಚಾಗಿರಬೇಕು ಆ ತಾಸಿನ್ಯಾಗ,
ಬರೇ ಬೂದಿಯಿಂದ.

ಮೂರಕ್ಕ ಅಪ್ಪ ಬಂದ.
ಮೊದಲ್ನೇ ಪಾಳಿ ಬಿಟ್ಟು ಫ್ಯಾಕ್ಟರಿಯಿಂದ ಸೈಕಲ್ ತುಳಕೋತ,
ಕಣ್ಣು, ಹಲ್ಲು ಬಿಟ್ರ ಎಲ್ಲಾ ಕಪ್ಪು.
ಹ್ಯಾಂಡಲಿಗೆ ಖಾಲಿ ಬುತ್ತಿ ಡಬ್ಬಿ.
ಹಿಂದಿನ ಲಾರಿ ಒದರಿದಾಗ ಗಟಾರದ ಅಂಚಿಗೆ ಇಳಿದು,
ಕೆಮ್ಮಿ, ಮತ್ತ ಏರಿ ಬಂದ.
ನನ್ನ ನೋಡಲಿಲ್ಲ. ನಾ ಕರೀಲಿಲ್ಲ.
ಕರದ್ರ ಇಳೀತಿದ್ದ,
ಇಳದ್ರ ನಡಿಯಾಂವ ಆಗ್ತಿದ್ದ,
ಕಾಲಮ್ಮಿಲ್ಲ.
ಗೀಟು ಎಳದೆ, ಮ್ಯಾಲಿಂದ ತಳದ ತನಕ.
ಅರ್ಧ ಮಾಡೋದು ನಾನಲ್ಲ,
ಅದು ಆಮ್ಯಾಲೆ, ಕಂಪ್ಯೂಟರಿನ್ಯಾಗ.

ಆವತ್ತ ಹಾಳಿ ಮಗುಚಿದ್ದು.
ಹಿಂದಿನ ಬಿಳಿ ಮಗ್ಗಲಕ್ಕ ಗೀಟು ಹಾಕ್ಕೋತ ಹ್ವಾದೆ:
ಪಾಟಿಚೀಲದ ಹುಡುಗ್ರು, ಸಂತಿ ಬುಟ್ಟಿ,
ಕೋಲೂರಿದಾಂವ, ಕಂಕುಳದ ಕೂಸಿಗೆ ಬ್ಯಾರೆ ಗೀಟು,
ತಿರುಗಿ ಬರೋ ಖಾಜಾಬಿಗೆ ಒಂದು.
ಏಳು ಗಂಟೆಗೆ ಸಾವಿರ ದಾಟಿತು, ಪೆನ್ನು ಕೈ ಕೊಟ್ಟಿತು.

ರಾತ್ರಿ ಸರ್ ಹಾಳಿ ಎಣಿಸಿ ತಗೊಂಡ್ರು.
"ಹಿಂದ ಏನಿದು?"
ಅಡ್ಡ ಬರಲಾರದವರು ಸರ್.
ಹುಂ ಅಂದ್ರು, ಕ್ಲಿಪ್ಪು ಹಾಕಿದ್ರು.

ಆರುನೂರು ಎಣಿಸಿಕೊಂಡು, ಕುರ್ಚಿ ಹುಸೇನಪ್ಪನಿಗೆ ಒಪ್ಪಿಸಿ
ರಸ್ತೆ ದಾಟಾಕ ನಿಂತೆ.
ಒಂದು ಲಾರಿ. ಇನ್ನೊಂದು.
ಬೆರಳು ತಮ್ಮಷ್ಟಕ್ಕ ತಾವ ತೊಡಿ ಮ್ಯಾಲೆ ಗೀಟು ಹಾಕ್ತಿದ್ವು.